ಬಸ್ ನಿಲ್ದಾಣದ ಬೋರ್ಡಿನ ಎರಡು ಮುಖಗಳು

ಬೀದರಿನ ಚರ್ಮದ ಡಾಕ್ಟರ್ ಸಾಹೇಬರಿಗೆ,

ನಮಸ್ಕಾರ ಎಂದು ಬರೆಯಲು ಮನಸ್ಸಿಲ್ಲ. ಬರಗಾಲದಲ್ಲಿ ಊರು ಬಿಟ್ಟು ಬಂದು ನಿಮ್ಮ ಕ್ಲಿನಿಕ್ಕಿನ ಗೋಡೆಗೆ ಕಲ್ಲು ಹೊತ್ತವರು ನಾನು ಮತ್ತು ನನ್ನ ಮಗಳು. ಕೂಲಿ ಕಾರ್ಡಿಗೆಂದು ನೀವು ತೆಗೆಸಿದ ನಮ್ಮ ಫೋಟೊಗಳು ಈಗ ಭಾಲ್ಕಿ ಬಸ್ ನಿಲ್ದಾಣದಲ್ಲಿ ನಿಮ್ಮ ಕ್ಲಿನಿಕ್ಕಿನ ಜಾಹೀರಾತು ಬೋರ್ಡಿನಲ್ಲಿವೆ. ನನ್ನ ಮುಖದ ಕೆಳಗೆ ‘ಮೊದಲು’, ಅವಳದರ ಕೆಳಗೆ ‘ಬೆಳಕಿನ ಚಿಕಿತ್ಸೆಯ ನಂತರ’. ಯಾರನ್ನು ಕೇಳಿ ಹಾಕಿಸಿದಿರಿ?

ಮಗಳನ್ನು ನೋಡಲು ಭಾತಂಬ್ರಾದಿಂದ ಬಂದ ಗಂಡಿನ ಕಡೆಯವರು, “ಬೋರ್ಡಿನ್ಯಾಗ ಸುಕ್ಕು ತೆಗಸ್ಕೊಂಡಾಕಿ ಇಕಿನೇ ಅಲ್ಲೇನ್ರಿ? ಖರೆ ವಯಸ್ಸು ಎಷ್ಟರಿ ಇಕಿದು?” ಎಂದು ಕೇಳಿ, ಚಹಾ ಮುಟ್ಟದೆ ಎದ್ದು ಹೋದರು.

ಅವಳ ಮುಖವನ್ನು ನಾಳೆಯೇ ಇಳಿಸಿ. ನನ್ನದು ಅಲ್ಲೇ ಇರಲಿ. ಆದರೆ ‘ಮೊದಲು’ ಎಂಬುದನ್ನು ಅಳಿಸಿ, ‘ನಮ್ಮ ಕ್ಲಿನಿಕ್ಕಿನ ಗೋಡೆಗೆ ಬಿಸಿಲಿನಲ್ಲಿ ದುಡಿದ ನಂತರ’ ಎಂದು ಬರೆಸಿ.

ಇಂತಿ,
ಮೂವತ್ತೆಂಟು ವರ್ಷ ವಯಸ್ಸಿನ ಕೇಶರಬಾಯಿ,
ಠಾಣಾ ಕುಶನೂರ