ಜೇನುನೊಣದ ಏಳು ಕಣ್ಣು

ಮಾರ್ಚ್ ೨, ಬೆಳಗ್ಗೆ ೬.೩೦

ಸಭಾಂಗಣದ ಮ್ಯಾನೇಜರರಿಗೆ ಪತ್ರ ಮುಗಿಸಿದೆ. ಮೊದಲ ಸಾಲಿನಲ್ಲಿ ಎಂದಿನಂತೆ ನನ್ನ ಪೂರ್ಣ ಹೆಸರು. ಅದರ ಕೆಳಗೆ: ನಿವೃತ್ತ ವಿಜ್ಞಾನ ಶಿಕ್ಷಕಿ, ಸೇವಾವಧಿ ಮೂವತ್ಮೂರು ವರ್ಷ ಏಳು ತಿಂಗಳು. ವಿಷಯ: ಮಗಳ ಮದುವೆಗೆ ಇನ್ನೂರು ಕುರ್ಚಿ ಒಪ್ಪಿಕೊಂಡು ನೂರ ಎಂಬತ್ತು ತೋರಿಸಿರುವ ಬಗ್ಗೆ.

ನಮ್ಮವರು ಹೆಗಲ ಮೇಲಿಂದ ಓದಿದರು.

"ಕುರ್ಚಿ ಕೇಳೋಕೆ ಸರ್ವಿಸ್ ಯಾಕೆ ಹಾಕ್ತೀಯ? ಅವನೇನು ನಿನಗೆ ಪೆನ್ಶನ್ ಕೊಡ್ತಾನಾ?"

"ಯಾರು ಬರೆದಿದ್ದು ಅಂತ ಗೊತ್ತಾದ್ರೆ ಸರಿಯಾಗಿ ಎಣಿಸ್ತಾನೆ."

"ಎಣಿಸ್ತಾನೆ ಎಣಿಸ್ತಾನೆ. ಎದ್ದು ನಿಂತು, ಕೈ ಕಟ್ಕೊಂಡು ಎಣಿಸ್ತಾನೆ."

ಅಂಚೆ ಕಚೇರಿಯಲ್ಲಿದ್ದಷ್ಟು ವರ್ಷ ಪರರ ಪತ್ರ ಮುಟ್ಟಿಯೂ ಓದದ ಮನುಷ್ಯ. ನಿವೃತ್ತಿಯ ನಂತರ ನನ್ನದೊಂದನ್ನೂ ಬಿಡುವುದಿಲ್ಲ.

ಇನ್ನು ಇಪ್ಪತ್ತೆಂಟು ದಿನ. ಕೆಲಸಗಳನ್ನು ಪೀರಿಯಡ್‌ಗಳಾಗಿ ವಿಂಗಡಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿದ್ದೇನೆ. ಕರೆಯೋಲೆ — ಮುಗಿಯಿತು. ದರ್ಜಿ — ಅರ್ಧ. ಹೂವು — ನಾಳೆ. ಹುಡುಗನನ್ನು ಮನಸ್ಸಿಗೆ ಒಪ್ಪಿಸಿಕೊಳ್ಳುವುದು... ಅದಕ್ಕೆ ಪೀರಿಯಡ್ ಇಟ್ಟಿಲ್ಲ.

ಮಾರ್ಚ್ ೫, ಸಂಜೆ

ಮಗಳು ಕೆಲಸದಿಂದ ನೇರ ಬಂದಳು, ತಲೆ ಇನ್ನೂ ಒದ್ದೆ. ಈಜುಕೊಳದಲ್ಲಿ ತರಬೇತಿ ಕೊಡುತ್ತಾಳೆ. ಹುಡುಗ ಸಿಕ್ಕಿದ್ದೂ ಅಲ್ಲಿಯೇ, ಎರಡು ವರ್ಷದ ಹಿಂದೆ. ಮೂವತ್ತಕ್ಕೆ ಈಜು ಕಲಿಯಲು ಬಂದವನು, ಕನ್ನಡಕ ತೆಗೆದಿಟ್ಟು, ಒಂದು ಕಂಬದ ಮುಂದೆ ನಿಂತು "ಮೇಡಂ, ನಂಗೆ ನೀರಂದ್ರೆ ಭಯ" ಎಂದು ತೋಡಿಕೊಂಡನಂತೆ. ಪಕ್ಕದಲ್ಲಿದ್ದ ಇವಳು ಕಂಬದ ಪರವಾಗಿ ಉತ್ತರ ಕೊಟ್ಟಳಂತೆ. ಈಗ ಕೊಳದ ಆ ತುದಿಯಿಂದ ಈ ತುದಿಗೆ ಈಜುತ್ತಾನೆ. ಕನ್ನಡಕದ ಅಂಗಡಿ ಇದೆ. ದುಡಿಮೆಗಾರ, ಒಪ್ಪುತ್ತೇನೆ.

ಇವತ್ತು ಬಂದದ್ದು ಒಂದು ಕೋರಿಕೆಗೆ. ಮದುವೆಯ ದಿನ ಇಬ್ಬರು ತಾಯಂದಿರೂ ವೇದಿಕೆ ಹತ್ತಿ ಎರಡೆರಡು ನಿಮಿಷ ಮಾತಾಡಬೇಕು.

"ದೊಡ್ಡ ಭಾಷಣ ಬೇಡಮ್ಮ. ಅವನು ನಂಬಿಕಸ್ಥ ಅಂತ ಒಂದು ಮಾತು ಹೇಳು, ಸಾಕು."

"ನನಗೆ ಖಾತ್ರಿ ಇಲ್ಲದ್ದನ್ನ ನಾನು ಹೇಳಲ್ಲ."

"ಎರಡು ವರ್ಷದಿಂದ ನೋಡ್ತಿದ್ದೀಯಲ್ಲ!"

"ಎಂಟನೇ ಕ್ಲಾಸಿಂದ ನೋಡಿದ್ದೀನಿ."

ಆಡಬಾರದಿತ್ತು. ಆದರೆ ಸುಳ್ಳೇನಲ್ಲ. ಹದಿನೆಂಟು ವರ್ಷದ ಹಿಂದೆ ನನ್ನದೇ ತರಗತಿ, ಅರ್ಧವಾರ್ಷಿಕ ಪರೀಕ್ಷೆ. ಹಿಂದೆ ಮುಂದೆ ಕುಳಿತಿದ್ದ ಇಬ್ಬರು ಹುಡುಗರು ಒಂದು ಪ್ರಶ್ನೆಗೆ ಒಂದೇ ವಿಚಿತ್ರವಾದ ತಪ್ಪು ಉತ್ತರ ಬರೆದಿದ್ದರು. ಜೇನುನೊಣಕ್ಕೆ ಒಟ್ಟು ಏಳು ಕಣ್ಣುಗಳು! ಇಡೀ ತರಗತಿ ಐದು ಎಂದು ಸರಿಯಾಗಿ ಬರೆದಿತ್ತು. ಸರಿ ಉತ್ತರ ನಲವತ್ತು ಜನರದು ಒಂದೇ ಆಗಿರಬಹುದು. ಇಂಥ ತಪ್ಪು ಇಬ್ಬರಿಗೆ ತಾನಾಗಿ ಹೊಳೆಯುವುದಿಲ್ಲ. ಕರೆದು ಕೇಳಿದರೆ, "ನೀವೇ ಹೇಳಿದ್ದು ಟೀಚರ್" ಎಂದು ಒಬ್ಬ ನನ್ನ ಮುಖಕ್ಕೇ ಹೇಳಿದ. ಇಬ್ಬರ ಪತ್ರಿಕೆಗೂ ಸೊನ್ನೆ ಹಾಕಿದೆ. ನಡತೆ ವಹಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದೆ: "ನಕಲು. ಮೇಲಾಗಿ ಸುಳ್ಳು. ನಂಬಿಕೆಗೆ ಅರ್ಹರಲ್ಲ." ಮುಖಕ್ಕೆ ಹಾಗೆಂದವನೇ ಈ ಹುಡುಗ.

ಮಗಳು ಚೀಲ ಹೆಗಲಿಗೇರಿಸಿದಳು. "ಹಾಗಾದ್ರೆ ಆ ಎರಡು ನಿಮಿಷ ಬೇಡ ಬಿಡು. ಬಾ, ಕೂತ್ಕೋ, ಊಟ ಮಾಡು, ಹೋಗು. ನೆಂಟರ ಥರ."

ನೆಂಟರ ಥರ.

ಮಾರ್ಚ್ ೯

ಅತಿಥಿಗಳ ಪಟ್ಟಿ ಕಣ್ಣಿಗೆ ಮಸುಕಾಗುತ್ತಿದೆ. ನಮ್ಮವರು ಬಿಡದೆ ಹುಡುಗನ ಅಂಗಡಿಗೇ ಕರೆದೊಯ್ದರು. "ಮನೇಲೇ ಡಾಕ್ಟರ್ ಇಟ್ಕೊಂಡು ಊರೆಲ್ಲ ಹುಡುಕ್ತಾರಾ?"

ಕಿರಿದಾದ ಅಂಗಡಿ, ಒಪ್ಪ. ಒಳಗಿನ ಕೋಣೆಯಲ್ಲಿ ನನಗಿಂತ ಮೊದಲು ಒಬ್ಬ ಮುದುಕರು ಅಕ್ಷರದ ಹಲಗೆ ಓದುತ್ತಿದ್ದರು, ಬೀದಿಗೆಲ್ಲ ಕೇಳುವಂತೆ. ನನ್ನ ಸರದಿ ಬಂತು.

"ಕೊನೇ ಸಾಲು ಓದಿ ಟೀಚರ್."

ಬರೀ ಇರುವೆಯ ಸಾಲು. ಈ ಹುಡುಗನ ಮುಂದೆ ಕಾಣುವುದಿಲ್ಲ ಎನ್ನಲೇ? ಬೆನ್ನು ನೆಟ್ಟಗೆ ಮಾಡಿಕೊಂಡು ಮುದುಕರು ಓದಿದ್ದನ್ನೇ ಒಪ್ಪಿಸಿದೆ. ಯ, ಪ, ಷ, ಘ, ಮ. ಒಂದೂ ತಪ್ಪಲಿಲ್ಲ.

ಅವನು ಹಲಗೆಯನ್ನು ತಿರುಗಿಸಿದ. ಹಿಂಬದಿಯಲ್ಲಿ ಬೇರೆ ಅಕ್ಷರಗಳು.

"ಈಗ ಇದು."

ಮುಂದಕ್ಕೆ ಬಾಗಿದೆ. ಅಲ್ಲೂ ಇರುವೆಗಳೇ.

"ಪರವಾಗಿಲ್ಲ ಟೀಚರ್. ಸುಮಾರು ಜನ ಹಾಗೇ ಮಾಡ್ತಾರೆ. ಅದಕ್ಕೇ ಎರಡು ಕಡೆ ಬರೆಸಿದ್ದೀನಿ."

ಹೊರಗೆ ನಮ್ಮವರು ಕೆಮ್ಮಿದರು. ಕೆಮ್ಮಲ್ಲ ಅದು.

ಮಾರ್ಚ್ ೧೦

ಏನೂ ಬರೆಯಲು ಮನಸ್ಸಿಲ್ಲ. ಅರವತ್ನಾಲ್ಕು ವರ್ಷಕ್ಕೆ ನಕಲು ಹೊಡೆದೆ. ಅದೂ ಅವನ ಕೋಣೆಯಲ್ಲಿ.

ಮಾರ್ಚ್ ೧೭, ಮಧ್ಯಾಹ್ನ

ಹೊಸ ಕನ್ನಡಕ ಬಂತು. ಎಲ್ಲವೂ ಕಾಣುತ್ತಿದೆ: ಗೋಡೆಯ ಬಿರುಕು, ನಮ್ಮವರು ಗಡ್ಡ ಸರಿಯಾಗಿ ಹೆರೆಯದಿರುವುದು.

ಸಭಾಂಗಣಕ್ಕೆ ಹೋದೆ. ಕುರ್ಚಿ ಇನ್ನೂರು ಬಂದಿವೆ. ಸರ್ವಿಸ್‌ನ ಮಹಿಮೆ. ದೀಪದ ಅಲಂಕಾರದವನು ಏಣಿಯ ಮೇಲಿದ್ದ. ನಡತೆ ವಹಿಯ ಆ ಇನ್ನೊಬ್ಬ ಇವನೇ. ಇಬ್ಬರ ಸ್ನೇಹ ಇವತ್ತಿಗೂ ಮುರಿದಿಲ್ಲ. ನನ್ನನ್ನು ಕಂಡೊಡನೆ ಬಾಯಲ್ಲಿದ್ದ ತಂತಿ ಉಗುಳಿ ನಮಸ್ಕಾರ ಮಾಡಿದ.

"ಮೂರನೇ ಸಾಲಲ್ಲಿ ಒಂದು ಬಲ್ಬ್ ಉರೀತಿಲ್ಲ," ಎಂದೆ.

"ಅಯ್ಯೋ, ಬಾಗಿಲಲ್ಲಿ ನಿಂತೇ ಕಂಡುಹಿಡಿದ್ರಾ? ಟೀಚರಿಗೆ ಜೇನುನೊಣದ ಥರ ಏಳು ಕಣ್ಣು!"

ಹಂಗಿಸುತ್ತಿದ್ದಾನೆ ಎಂದುಕೊಂಡೆ. "ಏಳಲ್ಲ, ಐದು," ಎಂದೆ.

ಅವನು ಏಣಿಯ ಮೇಲೇ ತಿರುಗಿದ. ಮುಖದಲ್ಲಿ ಕುಚೇಷ್ಟೆಯ ನೆರಳೂ ಇಲ್ಲ.

"ಐದಾ? ನೀವೇ ಅಲ್ವಾ ಟೀಚರ್ ಏಳು ಅಂತ ಬರೆಸಿದ್ದು? ಕ್ಲಾಸೆಲ್ಲ ಆಟದ ಮೈದಾನಕ್ಕೆ ಹೋಗಿತ್ತಲ್ಲ, ನಾವಿಬ್ಬರೇ ಉಳಿದಿದ್ವಿ. ನಂಗೆ ಉಬ್ಬಸ, ಅವನ ಕಾಲಿಗೆ ಪ್ಲಾಸ್ಟರ್. ನಾನು ನನ್ನ ಮಗಳಿಗೂ ಏಳು ಅಂತಾನೇ ಹೇಳ್ಕೊಟ್ಟಿದ್ದೀನಿ!"

ಊಟದ ಕೋಣೆ ನೋಡುವುದಿತ್ತು, ನೋಡದೆ ಬಂದೆ. ಪಕ್ಕದವನ ಹಾಳೆಯಿಂದ ಕದ್ದ ಉತ್ತರವನ್ನು ಯಾವ ತಂದೆಯೂ ಹದಿನೆಂಟು ವರ್ಷ ಕಾಪಾಡಿ ಮಗಳಿಗೆ ಕಲಿಸುವುದಿಲ್ಲ.

ಮಾರ್ಚ್ ೧೮, ಬೆಳಗ್ಗೆ ೧೧

ಕಬ್ಬಿಣದ ಪೆಟ್ಟಿಗೆ ಇಳಿಸಿದೆ. ಮೂವತ್ಮೂರು ವರ್ಷದ ಪಾಠಟಿಪ್ಪಣಿ ಪುಸ್ತಕಗಳು, ವರ್ಷಕ್ಕೊಂದು, ಕಂದು ರಟ್ಟು. ಆ ವರ್ಷದ್ದು ಸಿಕ್ಕಿತು. ಕ್ರೀಡಾಕೂಟದ ದಿನ. ನನ್ನದೇ ದುಂಡಕ್ಷರ.

"ಹಾಜರಿ: ೨. ಪೀರಿಯಡ್ ವ್ಯರ್ಥ ಮಾಡದೆ ಮುಂದಿನ ಪಾಠದ ಟಿಪ್ಪಣಿ ಬರೆಸಲಾಯಿತು. ಜೇನುನೊಣ — ದೊಡ್ಡ ಕಣ್ಣು ಎರಡು, ಚಿಕ್ಕವು ಐದು, ಒಟ್ಟು ಏಳು."

ಮರುದಿನದ ಪುಟ: "ಇಡೀ ತರಗತಿಗೆ ಅದೇ ಪಾಠ. ದೊಡ್ಡವು ಎರಡು, ಚಿಕ್ಕವು ಮೂರು, ಒಟ್ಟು ಐದು. ನಿನ್ನೆ ಟಿಪ್ಪಣಿ ಬರೆದುಕೊಂಡ ಇಬ್ಬರನ್ನು ಗ್ರಂಥಾಲಯದ ಪುಸ್ತಕ ಜೋಡಿಸಲು ಕಳಿಸಲಾಯಿತು."

ಕನ್ನಡಕ ಒರೆಸಿ ಮತ್ತೆ ಓದಿದೆ. ಮತ್ತೆ ಒರೆಸಿದೆ. ಏಳು ಏಳಾಗಿಯೇ ಉಳಿಯಿತು.

ಇಡೀ ತರಗತಿಯಲ್ಲಿ ನನ್ನ ಮಾತನ್ನು ಅಕ್ಷರಶಃ ನಂಬಿದವರು ಇಬ್ಬರೇ. ಆ ಇಬ್ಬರನ್ನೇ ನಂಬಿಕೆಗೆ ಅರ್ಹರಲ್ಲ ಎಂದೆ.

ಮಾರ್ಚ್ ೨೩

ನಾಲ್ಕು ದಿನ ಬರೆಯಲಿಲ್ಲ. ದರ್ಜಿ, ಹೂವು, ಊಟದವರು — ಎಲ್ಲರೊಂದಿಗೂ ಸರಿಯಾಗಿಯೇ ಮಾತಾಡಿದೆ. ಸುಮ್ಮನಿದ್ದರೆ ಯಾರಿಗೂ ತಿಳಿಯದು. ಪುಸ್ತಕ ಪೆಟ್ಟಿಗೆಗೆ, ಪೆಟ್ಟಿಗೆ ಅಟ್ಟಕ್ಕೆ. ಎರಡು ಬಾರಿ ಹಾಗೇ ಮಾಡಿದೆ. ಎರಡು ಬಾರಿಯೂ ಇಳಿಸಿದೆ.

ಇವತ್ತು ನಮ್ಮವರಿಗೆ ಪುಟ ತೋರಿಸಿದೆ. ಓದಿ, ಮರುದಿನದ ಪುಟವನ್ನೂ ಮಗುಚಿ ನೋಡಿದರು.

"ನಲವತ್ತು ವರ್ಷದಲ್ಲಿ ನೀನು 'ತಪ್ಪಾಯ್ತು' ಅಂದಿದ್ದು ನಾನು ಒಂದೇ ಸಲ ಕೇಳಿರೋದು. ಅದೂ ಬಸ್ ಕಂಡಕ್ಟರಿಗೆ, ಕಾಲು ತುಳಿದಿದ್ದಕ್ಕೆ."

"ಹೇಗೆ ಹೇಳ್ತಾರೆ ಅದನ್ನ?"

"ಬಾಯಿ ಬಿಟ್ಟು. ನಾನು ದಿನಾ ಹೇಳಲ್ವಾ? ಅದಕ್ಕೇ ಈ ಸಂಸಾರ ನಡೀತಿರೋದು. ನನ್ನದು ತಪ್ಪಿಲ್ಲದಾಗಲೂ ಹೇಳ್ತೀನಿ."

"ಯಾವಾಗ ನಿಮ್ಮದು ತಪ್ಪಿರಲಿಲ್ಲ?"

"ನೋಡು! ಇದಕ್ಕೂ ತಪ್ಪಾಯ್ತು."

ನಕ್ಕುಬಿಟ್ಟೆ. ಆಮೇಲೆ ಅಳು ಬಂತು. ಅವರು ಪುಸ್ತಕ ಮಡಚಿ, ಪತ್ರ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಪಕ್ಕದಲ್ಲಿ ಕುಳಿತರು.

ಮಾರ್ಚ್ ೨೪, ಮಧ್ಯಾಹ್ನ ೨

ಒಬ್ಬಳೇ ಹೋದೆ. ಗಿರಾಕಿ ಹೋಗುವವರೆಗೂ ಕಾದೆ.

"ಏನ್ ಟೀಚರ್, ಪವರ್ ಸರಿಯಾಗಿಲ್ವಾ?"

"ಸರಿಯಾಗಿದೆ. ಚೆನ್ನಾಗಿ ಕಾಣಿಸ್ತಿದೆ. ಅದೇ ಕಷ್ಟ ಆಗಿದ್ದು."

ಗಾಜಿನ ಮೇಜಿನ ಮೇಲೆ ಪುಸ್ತಕ ತೆರೆದಿಟ್ಟೆ. ಅವನು ಬಗ್ಗಿ ಓದಿದ. ಎದುರು ನಿಂತಿದ್ದೆ, ಅವನು ಕುಳಿತೇ ಇದ್ದ. ಅದೇ ಸರಿ ಎನಿಸಿತು.

"ನಿಂದು ತಪ್ಪಿರಲಿಲ್ಲ. ನಾನೇ ತಪ್ಪು ಬರೆಸಿದ್ದೆ. ನೀನು ನಿಜ ಹೇಳಿದಾಗ ನಾನು ಕೇಳಲಿಲ್ಲ. ತಪ್ಪಾಯ್ತಪ್ಪ."

ತಲೆ ಎತ್ತಿದ. "ಹಾಗಾದ್ರೆ ಐದೇನಾ? ಅಂಗಡಿಗೆ ಬರೋ ಮಕ್ಕಳಿಗೆಲ್ಲ ಏಳು ಅಂತ ಹೇಳ್ಕೊಂಡು ಬಂದಿದ್ದೀನಲ್ಲ!"

"ತಮಾಷೆ ಮಾಡಬೇಡ. ಬೈಯೋದಿದ್ರೆ ಬೈ."

ಅವನ ನಗು ನಿಂತಿತು. ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸತೊಡಗಿದ. ಕನ್ನಡಕ ಒರೆಸುವ ಬಟ್ಟೆ ಮುಂದೆಯೇ ಕಟ್ಟುಗಟ್ಟಲೆ ಇತ್ತು.

"ನೀವು ಸೊನ್ನೆ ಹಾಕಿದ ಮಾರನೇ ದಿನ ನೋಟ್ಸ್ ತೋರಿಸೋಣ ಅಂತ ತಂದಿದ್ದೆ ಟೀಚರ್. ನೀವೇ ಟಿಕ್ ಹಾಕಿ ಸಹಿ ಮಾಡಿದ್ದ ಪುಟ. ಸ್ಟಾಫ್ ರೂಮ್ ಬಾಗಿಲಲ್ಲೇ ತಡೆದು ವಾಪಸ್ ಕಳಿಸಿದ್ರಿ."

ನನಗೆ ನೆನಪಿಲ್ಲ. ಎಷ್ಟು ಪ್ರಯತ್ನಿಸಿದರೂ ನೆನಪಿಲ್ಲ. ಅದೇ ಹೆಚ್ಚು ಚುಚ್ಚಿತು.

"ಸೊನ್ನೆಗೆ ಬೇಜಾರಾಗಲಿಲ್ಲ. ಅಮ್ಮ ನಂಬಲಿಲ್ಲ, ಅದಕ್ಕಾಯ್ತು. ಟೀಚರ್ ಸುಳ್ಳು ಹೇಳ್ತಾರೇನೋ ಅಂದ್ಲು. ಇವತ್ತಿಗೂ ನಿಮ್ಮನ್ನ ಕಂಡ್ರೆ ತಲೆ ತಗ್ಗಿಸ್ತಾಳೆ. ನೋಡಿದ್ದೀರಲ್ಲ."

ನೋಡಿದ್ದೇನೆ. ಆ ಬೀಗಿತ್ತಿಯ ವಿನಯವನ್ನು ಎರಡು ವರ್ಷ ನನಗೆ ಸಲ್ಲಬೇಕಾದ ಮರ್ಯಾದೆ ಎಂದೇ ಸ್ವೀಕರಿಸಿದ್ದೇನೆ.

"ಆಮೇಲೆ ನನ್ನನ್ನ ಕೊನೇ ಬೆಂಚಿಗೆ ಹಾಕಿದ್ರಿ," ಎಂದ. "ಅಲ್ಲಿಂದ ಬೋರ್ಡೇ ಕಾಣ್ತಿರಲಿಲ್ಲ. ಹಂಗೇ ಗೊತ್ತಾಗಿದ್ದು ಕಣ್ಣು ಮಂದ ಅಂತ. ಮೊದಲ ಕನ್ನಡಕ ಹಾಕ್ಕೊಂಡಾಗ ಮರಕ್ಕೆ ಎಲೆಗಳು ಬಿಡಿಬಿಡಿಯಾಗಿ ಕಂಡವು. ಆವತ್ತೇ ತೀರ್ಮಾನ ಮಾಡಿದೆ, ಇದೇ ಕೆಲಸ ಅಂತ."

ನನ್ನ ಸಮಾಧಾನಕ್ಕೆ ಹೇಳಿದನೋ, ನಿಜವೋ. ಇನ್ನು ಅವನ ಮಾತನ್ನು ಪರೀಕ್ಷಿಸುವ ಅಧಿಕಾರ ನನಗಿಲ್ಲ. ನೋಟ್‌ಬುಕ್ ಇದೆಯೇ ಎಂದು ಕೇಳಿದೆ. ಇದೆಯಂತೆ.

ಮಾರ್ಚ್ ೨೫, ಬೆಳಗ್ಗೆ

ಬೀಗಿತ್ತಿಯ ಮನೆ. ನನ್ನನ್ನು ಕಂಡು ಗಾಬರಿಯಿಂದ ಎದ್ದು ಒಳ್ಳೆಯ ಕುರ್ಚಿ ಎಳೆದರು. ಕೂರಲಿಲ್ಲ. ನನ್ನ ಪುಸ್ತಕ, ಹುಡುಗ ತೆಗೆದುಕೊಟ್ಟ ನೋಟ್‌ಬುಕ್, ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ ಹೇಳಿದೆ. ಓದು ಬಾರದ ಅವರು ಎರಡನೆಯ ಸಲ ಓದಿಸಿದರು.

"ಅಂದ್ರೆ ಇವನು ನಿಜ ಹೇಳಿದ್ದ?"

"ನಿಜ ಹೇಳಿದ್ದ."

"ಆವತ್ತು ನಾನು ಇವನಿಗೆ ಊಟ ಹಾಕಿರಲಿಲ್ಲ ಟೀಚರ್."

ಅಷ್ಟು ಹೇಳಿ ಒಳಗೆ ಹೋದರು. ಪಾತ್ರೆಗಳ ಸದ್ದು. ಹುಡುಗ ಆಗತಾನೇ ತಿಂಡಿ ತಿಂದು ಅಂಗಡಿಗೆ ಹೊರಟವನು. ತಟ್ಟೆ ತುಂಬ ಅನ್ನ ಬಡಿಸಿ ತಂದು ಅವನ ಮುಂದಿಟ್ಟರು, ಬೆಳಗಿನ ಒಂಬತ್ತು ಗಂಟೆಗೆ.

"ಅಮ್ಮ, ಹೊಟ್ಟೆ ತುಂಬಿದೆ..."

"ಬಾಯಿ ಮುಚ್ಕೊಂಡು ತಿನ್ನು."

ತಿಂದ. ಒಂದಗುಳೂ ಬಿಡದೆ ತಿಂದ. ಆಮೇಲೆ ಅವರು ನನ್ನ ಕಡೆ ತಿರುಗಿದರು. ಮೊದಲ ಬಾರಿಗೆ ತಲೆ ತಗ್ಗಿಸಲಿಲ್ಲ, ನೇರ ಕಣ್ಣಿಟ್ಟು ನೋಡಿದರು. "ನಿಮ್ಮ ಮೇಲೆ ಕೋಪ ಇದೆ," ಎಂದರು. "ಮದುವೆ ಮುಗೀಲಿ, ಒಂದು ದಿನ ಕೂತು ಜಗಳ ಆಡೋಣ. ಈಗ ಕೂತ್ಕೊಳ್ಳಿ, ಕಾಫಿ ಕುಡೀರಿ."

ಕುಳಿತೆ. ಎಷ್ಟೋ ದಿನಗಳ ನಂತರ ಕಾಫಿಗೆ ರುಚಿಯಿತ್ತು. ಬೈಸಿಕೊಳ್ಳುವುದು ಇಷ್ಟು ಹಗುರ ಎಂದು ಮೊದಲೇ ತಿಳಿದಿದ್ದರೆ...

ಮಾರ್ಚ್ ೨೬

ಬೆಳಗ್ಗೆ ದೀಪದವನ ಹತ್ತಿರ ಹೋಗಿ ಅವನಿಗೂ ಹೇಳಿದೆ. ಏಣಿ ಇಳಿದು ಬಂದ. "ಟೀಚರ್, ಮಗಳಿಗೆ ಏನು ಹೇಳಲಿ ಈಗ?" ಐದು ಎಂದು ನಾನೇ ಅವಳಿಗೆ ಫೋನಿನಲ್ಲಿ ಹೇಳಿದೆ. "ಅಪ್ಪ ಏಳು ಅಂದಿದ್ರು." "ಅಪ್ಪನಿಗೆ ತಪ್ಪು ಹೇಳ್ಕೊಟ್ಟಿದ್ದು ನಾನು, ಪುಟ್ಟಿ."

ಮಧ್ಯಾಹ್ನ ಮಗಳ ಫೋನು. ಅವನು ಎಲ್ಲ ಹೇಳಿದ್ದಾನೆ. ಆ ಕಡೆ ಈಜುಕೊಳದ ನೀರಿನ ಸದ್ದು.

"ನಿನ್ನ ಎರಡು ನಿಮಿಷ ವಾಪಸ್ ಕೊಟ್ಟಿದ್ದೀನಿ. ಮೂರಾದ್ರೆ ಗಂಟೆ ಬಾರಿಸ್ತೀನಿ, ನೋಡ್ಕೋ."

"ಮೂರು ಬೇಕಾಗುತ್ತೆ."

"ಇಲ್ಲಮ್ಮ, ಎರಡೇ." ಯಾರಿಗೋ ಒಂದು ಶಿಳ್ಳೆ ಊದಿದಳು. "ಆಯ್ತು, ಎರಡೂವರೆ."

ಮಾರ್ಚ್ ೩೦, ಬೆಳಗ್ಗೆ ೭

ಮದುವೆಯ ದಿನ. ಸೀರೆ ಉಟ್ಟಾಗಿದೆ. ಕಾರು ಏಳೂವರೆಗೆ. ಅರ್ಧ ಗಂಟೆ ಇದೆ, ವ್ಯರ್ಥ ಮಾಡುವುದಿಲ್ಲ. ಶಾಲೆಯ ಮುಖ್ಯೋಪಾಧ್ಯಾಯರಿಗೆ ಪತ್ರ, ಇಲ್ಲಿಯೇ ಕರಡು ಬರೆದು ಸಂಜೆ ನಕಲು ಮಾಡುತ್ತೇನೆ. ನಕಲು! ಇನ್ನು ಆ ಪದಕ್ಕೆ ಹೆದರುವುದಿಲ್ಲ.

ನನ್ನ ಪೂರ್ಣ ಹೆಸರು. ನಿವೃತ್ತ ವಿಜ್ಞಾನ ಶಿಕ್ಷಕಿ. ಸೇವಾವಧಿ ಮೂವತ್ಮೂರು ವರ್ಷ ಏಳು ತಿಂಗಳು. ಅದರಲ್ಲಿ ಒಂದು ಪೀರಿಯಡ್ ತಪ್ಪಾಗಿ ಬೋಧಿಸಲಾಗಿದೆ.

"ಹದಿನೆಂಟು ವರ್ಷದ ಹಿಂದಿನ ನಡತೆ ವಹಿಯಲ್ಲಿ ಇಬ್ಬರು ವಿದ್ಯಾರ್ಥಿಗಳ ಬಗ್ಗೆ ನಾನು ಬರೆದ ಷರಾ ಸತ್ಯಕ್ಕೆ ದೂರ. ತಪ್ಪು ನನ್ನದು. ಶಾಲೆಗೆ ಬಂದು ಆ ಸಾಲನ್ನು ನನ್ನ ಕೈಯಿಂದಲೇ, ಅದೇ ಕೆಂಪು ಶಾಯಿಯಲ್ಲಿ, ಹೊಡೆದುಹಾಕಿ ಸಹಿ ಮಾಡಲು ಅನುಮತಿ ನೀಡಬೇಕಾಗಿ ಕೋರುತ್ತೇನೆ."

ನಮ್ಮವರು ಹೆಗಲ ಮೇಲಿಂದ ಓದುತ್ತಿದ್ದಾರೆ. ಇವತ್ತು ಕೈಯಲ್ಲಿ ಲಕೋಟೆ, ಅಂಚೆಚೀಟಿ.

ಲಗತ್ತುಗಳು:

೧. ನನ್ನ ಪಾಠಟಿಪ್ಪಣಿಯ ಎರಡು ಪುಟಗಳು.

೨. ವಿದ್ಯಾರ್ಥಿಯ ನೋಟ್‌ಬುಕ್ಕಿನ ಪುಟ, ನನ್ನ ಸಹಿ ಸಹಿತ.

೩. ಎರಡನೆಯ ವಿದ್ಯಾರ್ಥಿಯ ಹೇಳಿಕೆ (ದೀಪದ ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಟ್ಟಿದ್ದಾನೆ, ಕ್ಷಮಿಸಬೇಕು).

೪. ನನ್ನ ಮಗಳು ಮತ್ತು ಅಳಿಯನ ಮದುವೆಯ ಫೋಟೊ ಒಂದು — ಇನ್ನೂ ತೆಗೆದಿಲ್ಲ, ಕೆಳಗೆ ಕಾರು ಬಂ—