ಎತ್ತದ ಎಡಗೈ

ನಿಟ್ಟುವಳ್ಳಿ, ದಾವಣಗೆರೆ
೧೮ ಫೆಬ್ರವರಿ ೨೦೨೫, ಮಂಗಳವಾರ

ಅಂಕಿತಾಳ ಅಪ್ಪನವರಿಗೆ, ನಮಸ್ಕಾರ.

ಇಲ್ಲಿಂದ ಹರಿಹರಕ್ಕೆ ಅರ್ಧ ಗಂಟೆಯ ದಾರಿ, ಅದಕ್ಕೊಂದು ಪತ್ರವೇ ಎಂದು ನೀವು ನಗಬಹುದು. ಫೋನಿನಲ್ಲಿ ಮಾತಿಗೆ ಮಾತು ಬೆಳೆದು ಕೊನೆಗೆ ನಾನೇ ಗೆಲ್ಲುತ್ತೇನೆ. ಈ ಸಲ ಗೆಲ್ಲಬಾರದೆಂದು ಬರೆಯಲು ಕೂತಿದ್ದೇನೆ.

ಕಳೆದ ಬುಧವಾರ ಅಂಕಿತಾಳ ಹಲ್ಲು ಕೀಳಿಸಿದೆ. ಎಡಗಡೆಯ ಕೆಳದವಡೆಯದು. ನವೆಂಬರಿನಲ್ಲಿ ನೀವು ಹರಿಹರದಲ್ಲಿ ತೋರಿಸಲು ಹೋಗಿದ್ದಿರಲ್ಲ, ಅದೇ ಹಲ್ಲು. ಆವತ್ತು ಅವಳು ಕುರ್ಚಿಯಲ್ಲಿ ಕೂರದೆ ಒದ್ದಾಡಿ, ಡಾಕ್ಟರ ಬೆರಳು ಕಚ್ಚಿ, ಬೀದಿಗೆ ಕೇಳುವ ಹಾಗೆ ಕಿರುಚಿದ್ದಳು. ನೀವು 'ಬ್ಯಾಡ ಬಿಡವ್ವಾ, ಇನ್ನೊಂದಿನ ಬರಾಣ' ಎಂದು ಹೆಗಲ ಮೇಲೆ ಹಾಕಿಕೊಂಡು ಇಳಿದು ಬಂದಿರಿ. ದಾರಿಯಲ್ಲಿ ಕುಲ್ಫಿಯನ್ನೂ ಕೊಡಿಸಿದಿರಿ.

ಆ ಕಥೆ ನನಗೆ ಎಷ್ಟು ಉಪಯೋಗಕ್ಕೆ ಬಂತು ಎಂಬುದು ನಿಮಗೆ ಗೊತ್ತಿದೆ. ಡಿಸೆಂಬರಿನಲ್ಲಿ ನಿಮ್ಮ ಸೋದರಮಾವ ಕರಿಬಸವರಾಜಪ್ಪನವರ ಪಡಸಾಲೆಯಲ್ಲಿ ಎರಡೂ ಮನೆಯ ಹಿರಿಯರು ಕೂತಿದ್ದರು. ನಾವು ಬೇರೆ ಇರುವುದಾದರೆ ಮಗು ಯಾರ ಹತ್ತಿರ ಎಂಬ ಮಾತು ಬಂದಾಗ ನಾನು ಅದನ್ನೇ ಹೇಳಿದೆ. ಒಂದು ಕುರ್ಚಿಯಲ್ಲಿ ಐದು ನಿಮಿಷ ಕೂರಿಸಲಾರದವರು ಮಗಳನ್ನು ಏನು ಬೆಳೆಸುತ್ತಾರೆ ಎಂದು ಕೇಳಿದೆ. ನಿಮ್ಮ ತಾಯಿ ನಿರ್ಮಲಮ್ಮನವರು ಮಾತ್ರ 'ನೀನೂ ಬೆಳಸಲ್ಲ ಬಿಡವ್ವಾ, ನಿಮ್ ಸ್ಕೂಲಿನಂಗೆ ಲೈನಿಗೆ ನಿಲ್ಲಿಸ್ತೀಯ' ಎಂದರು. ಯಾರೋ ನಕ್ಕರು. ನೀವು ತಲೆ ಎತ್ತಲಿಲ್ಲ. ಮಗು ನನ್ನ ಹತ್ತಿರ, ಭಾನುವಾರ ಮಾತ್ರ ಹರಿಹರಕ್ಕೆ ಎಂದಾಯಿತು. ಯುಗಾದಿ ಮುಗಿದ ಮೇಲೆ ಹಿರಿಯರು ಮತ್ತೆ ಕೂಡುತ್ತಾರೆ. ಒಂದನೇ ತರಗತಿಗೆ ಅವಳು ಯಾವ ಊರಲ್ಲಿ ಸೇರಬೇಕು, ಯಾರ ಮನೆಯಲ್ಲಿ ಬೆಳೆಯಬೇಕು ಎಂಬುದು ಆಗ ಕಾಯಂ ಆಗುತ್ತದೆ. ಅದಕ್ಕೆ ಮೊದಲು ಬುಧವಾರ ನಡೆದದ್ದು ನಿಮಗೆ ತಿಳಿದಿರಬೇಕು.

ವಿನೋಬನಗರದ ಹಲ್ಲಿನ ಡಾಕ್ಟರ ಹೆಸರು ನೌಮಾನ್, ಇನ್ನೂ ಚಿಕ್ಕ ವಯಸ್ಸು. ಆಸ್ಪತ್ರೆ ಮಹಡಿಯ ಮೇಲಿದೆ. ಮೆಟ್ಟಿಲ ಮೇಲೆ ಅಂಕಿತಾ ನನ್ನ ಸೆರಗು ಹಿಡಿದು ನಿಂತುಬಿಟ್ಟಳು. ಧೈರ್ಯ ಹೇಳಿ ಕರೆದುಕೊಂಡು ಹೋದೆ. ಕುರ್ಚಿಗೆ ತಾನೇ ಹತ್ತಿ, ತರಗತಿಯಲ್ಲಿ ನಾನು ಹೇಳಿಕೊಡುವ ಹಾಗೆ ಕೈಕಟ್ಟಿದಳು. ಡಾಕ್ಟರು 'ನೋವಾದ್ರೆ ಈ ಎಡಗೈ ಮ್ಯಾಲೆತ್ತು ಪುಟ್ಟಿ, ಅಲ್ಲೇ ನಿಲ್ಲಿಸಿಬಿಡ್ತೀನಿ' ಎಂದರು. ತಲೆಯಾಡಿಸಿದಳು. ಇಂಜೆಕ್ಷನ್ ಕೊಟ್ಟಾಗ ಉಸಿರೆತ್ತಲಿಲ್ಲ. ಇಕ್ಕಳ ಹಾಕಿದಾಗಲೂ ಇಲ್ಲ. ಅಲ್ಲಿ ಕೆಲಸಕ್ಕಿರುವ ಊರಮ್ಮ ಎಂಬುವರು 'ಏನ್ ಶಾಣ್ಯಾ ಹುಡುಗೀರಿ ನಿಮ್ದು, ಇಂಥಾದ್ನ ನಾ ನೋಡೇ ಇಲ್ಲ' ಎಂದರು. ನನ್ನ ಎದೆ ಉಬ್ಬಿತು. ಹಿರಿಯರಿಗೆ ತೋರಿಸಬಹುದು ಎಂದುಕೊಂಡು ಒಂದು ಫೋಟೋ ಕೂಡ ತೆಗೆದೆ.

ಆ ಫೋಟೋವನ್ನು ಆಮೇಲೆ ದೊಡ್ಡದು ಮಾಡಿ ನೋಡಿದ್ದೇನೆ. ಕಣ್ಣಿನ ಕೊನೆಯಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿದೆ. ಕಾಲ್ಬೆರಳುಗಳು ಮುದುಡಿಕೊಂಡಿವೆ. ಕೈ ಮಾತ್ರ ಕಟ್ಟಿದ ಹಾಗೇ ಇದೆ.

ಹಲ್ಲಿನ ಬುಡದಲ್ಲಿ ಕೀವು ತುಂಬಿದ್ದರಿಂದ ಇಂಜೆಕ್ಷನ್ ಸರಿಯಾಗಿ ಹಿಡಿದಿರಲಿಲ್ಲವಂತೆ. ಅದು ಡಾಕ್ಟರಿಗೆ ತಿಳಿಯುವ ಹೊತ್ತಿಗೆ ಹಲ್ಲು ಅರ್ಧ ಸಡಿಲವಾಗಿತ್ತು. ತಿಳಿದದ್ದೂ ಅವಳ ಬಾಯಿಂದಲ್ಲ, ಕುರ್ಚಿ ಒದ್ದೆಯಾದದ್ದರಿಂದ. ಅವರು ಗಾಬರಿಯಾಗಿ ಇಕ್ಕಳ ಕೆಳಗಿಟ್ಟು, ನೋವಾಗುತ್ತಿತ್ತಾ ಎಂದು ಕೇಳಿದರು. ಅವಳು ಅವರನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ಹೌದು ಎನ್ನಬಹುದೇ ಎಂದು ಕೇಳುವ ನೋಟ ಅದು.

ಇನ್ನೊಂದು ಇಂಜೆಕ್ಷನ್ ಕೊಟ್ಟು, ಕಾದು, ಹಲ್ಲು ತೆಗೆದರು. ಊರಮ್ಮ ಅವಳ ಬಟ್ಟೆ ತೊಳೆಯಲು ಒಳಗೆ ಕರೆದುಕೊಂಡು ಹೋದಾಗ ಡಾಕ್ಟರು ನನಗೆ ಹೇಳಿದರು: 'ಮೇಡಂ, ಒದಿಯೋವು, ಕಚ್ಚೋವು ದಿನಾ ಬರ್ತಾವ್ರಿ. ಅವುಗಳ ಜೊತೆ ನನ್ನ ಕೆಲಸ ಸಲೀಸು, ಎಲ್ಲಿ ನೋವೈತೆ ಅಂತ ಅವೇ ಹೇಳಿಬಿಡ್ತಾವೆ. ಈ ಮಗು ನನಗೆ ಹೆದರಿರ್ಲಿಲ್ರಿ.' ಮತ್ತೆ ಯಾರಿಗೆ ಎಂದು ಅವರು ಹೇಳಲಿಲ್ಲ.

ನವೆಂಬರಿನಲ್ಲೇ ತೋರಿಸಿದ್ದರೆ ಹಲ್ಲು ಉಳಿಯುತ್ತಿತ್ತು. ಇದು ನಿಮ್ಮ ತಪ್ಪು, ಬರೆಯದೆ ಬಿಡಲಾರೆ. ಆದರೆ ಆಗ ಅವಳಿಗೆ ನೋವನ್ನು ನೋವು ಎಂದು ಹೇಳಲು ಬರುತ್ತಿತ್ತು. ಅದನ್ನು ನಾನು ಮೂರು ತಿಂಗಳಲ್ಲಿ ಮರೆಸಿದೆ. ಹಲ್ಲಾದರೆ ಇನ್ನೊಂದು ಬರುತ್ತದೆ.

ಮೊನ್ನೆ ಭಾನುವಾರ, ಅವಳ ಕೆನ್ನೆ ಊದಿದೆ, ಕಳಿಸುವುದಿಲ್ಲ ಎಂದು ತಡವಾಗಿ ಫೋನು ಮಾಡಿದೆ. ನೀವು ಅಷ್ಟು ಹೊತ್ತಿಗೆ ಬಸ್ ಸ್ಟ್ಯಾಂಡಿನಲ್ಲಿ ಎರಡು ಗಂಟೆ ಕಾದಿದ್ದಿರಿ. ಕ್ಷಮಿಸಿ.

ಈ ಶನಿವಾರ ಬಲಗಡೆಯ ಹಲ್ಲಿಗೆ ಸಿಮೆಂಟು ತುಂಬಿಸಬೇಕು. ಮೋಟರ್ ವೈಂಡಿಂಗ್ ಕೆಲಸ ಒಂದು ದಿನ ನಿಂತರೂ ಸರಿ, ಅಂಗಡಿ ಮುಚ್ಚಿ ಬನ್ನಿ. ನೀವೇ ಅವಳನ್ನು ಮೇಲೆ ಕರೆದುಕೊಂಡು ಹೋಗಿ, ನಾನು ಕೆಳಗೆ ರಸ್ತೆಯಲ್ಲಿ ನಿಂತಿರುತ್ತೇನೆ. ಕಿರುಚಿದರೆ ಕಿರುಚಲಿ, ಕಚ್ಚಿದರೆ ಕಚ್ಚಲಿ. ಹೆಗಲ ಮೇಲೆ ಹಾಕಿಕೊಂಡು ಇಳಿದು ಮಾತ್ರ ಬರಬೇಡಿ. ಅವಳು ಅಳುತ್ತಿದ್ದರೂ ಕೈ ಹಿಡಿದುಕೊಂಡು ಪಕ್ಕದಲ್ಲೇ ಕೂತಿರಿ. ಅದು ನನ್ನಿಂದ ಆಗುವುದಿಲ್ಲ.

ಯುಗಾದಿಯ ನಂತರ ಈ ಪತ್ರವನ್ನು ಆ ಪಡಸಾಲೆಯಲ್ಲಿ ಎಲ್ಲರ ಮುಂದೆ ಓದಿ. ಬರೀ ಮಾತಾದರೆ ನಾನು ಹಾಗೆ ಹೇಳಿಯೇ ಇಲ್ಲ ಎಂದುಬಿಡುತ್ತೇನೆ, ನನ್ನ ಸ್ವಭಾವ ನಿಮಗೆ ಗೊತ್ತು. ಇದು ನನ್ನ ಕೈಬರಹ. ಕೆಳಗೆ ನನ್ನ ಸಹಿ ಇದೆ.

ಇಂತಿ,
ನಯನಾ

ವಿ.ಸೂ.: ಸಹಿ ಮಾಡಿದ ಮೇಲೆ ಮೊದಲಿಂದ ಓದಿದೆ. ಮೆಟ್ಟಿಲ ಮೇಲೆ ಧೈರ್ಯ ಹೇಳಿದೆ ಎಂದು ಬರೆದಿದ್ದೇನೆ. ಅದು ಸುಳ್ಳು. ನಾನು ಹೇಳಿದ್ದು, 'ಅತ್ತುಗಿತ್ತೀ ಅಂದ್ರೆ ನೋಡು, ಭಾನುವಾರ ಅಪ್ಪನ ಹತ್ರ ಕಳ್ಸಲ್ಲ' ಎಂದು. ಬಾವು ಶನಿವಾರವೇ ಇಳಿದಿತ್ತು. ಇದನ್ನೆಲ್ಲ ನಿಮ್ಮ ಮುಂದೆ ಹೇಳಿಬಿಡುತ್ತಾಳೆಂದು ಹೆದರಿ ನಾನು ಕಳಿಸಲಿಲ್ಲ. ನಮ್ಮದು ತಾರಸಿ ಮನೆ, ಹಲ್ಲನ್ನು ನಿಮ್ಮ ಹಂಚಿನ ಮೇಲೆ ಎಸೆಯಬೇಕು ಎಂದು ಅದನ್ನು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡು, ಚಪ್ಪಲಿ ಹಾಕಿಕೊಂಡು, ಭಾನುವಾರ ಬೆಳಗ್ಗೆ ಏಳಕ್ಕೇ ಬಾಗಿಲಲ್ಲಿ ಕೂತಿದ್ದಳು. ಇವತ್ತು ಹೋಗುವುದಿಲ್ಲ ಎಂದೆ. ಹಟ ಮಾಡಲಿಲ್ಲ. ಪೊಟ್ಟಣ ಕೆಳಗಿಟ್ಟು, ಕೈಕಟ್ಟಿ ನಿಂತು ಹೇಳಿದಳು: 'ನಾ ಅತ್ತಿಲ್ಲಮ್ಮಾ. ಕಣ್ಣೀರು ತಾವೇ ಬಂದ್ವು.'