ಪರದೆಗೆ ಕತ್ತರಿ ಹಾಕಿದ್ದೇನೆ

ಮನೆಯಿಂದ,
ಬುಧವಾರ ಮಧ್ಯಾಹ್ನ, ಮೊದಲ ಪಂದ್ಯದ ವಾರ

ಪ್ರೀತಿಯ ಕೋಚ್ ಸಾಹೇಬರಿಗೆ, ಅರ್ಥಾತ್ ನಮ್ಮ ಯಜಮಾನರಿಗೆ,

ನಾವಿಲ್ಲಿ ಕ್ಷೇಮ. ನಿಮ್ಮ ಆರೋಗ್ಯ ಹೇಗಿದೆ? ಗಂಟಲು ಇನ್ನೂ ಉಳಿದಿದೆಯೋ, ಕೂಗಿ ಕೂಗಿ ಶಿಬಿರದಲ್ಲೇ ಖರ್ಚಾಯಿತೋ? ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೊಳ್ಳುತ್ತಿದ್ದೀರೋ, ಇಲ್ಲ ಆಟಗಾರರು ಕಂಡು ನಕ್ಕಾರು ಎಂದು ಸೂಟ್‌ಕೇಸಿನ ತಳದಲ್ಲೇ ಬಚ್ಚಿಟ್ಟಿದ್ದೀರೋ? ಈ ಕಾಲದಲ್ಲೂ ಗಂಡನಿಗೆ ಕಾಗದ ಬರೆಯುವ ಭಾಗ್ಯ ಕರುಣಿಸಿದ್ದಕ್ಕೆ ಮೊದಲು ನಿಮಗೊಂದು ದೊಡ್ಡ ನಮಸ್ಕಾರ. ಶಿಬಿರ ಮುಗಿಯುವ ತನಕ ಎಲ್ಲರ ಫೋನೂ ಪೆಟ್ಟಿಗೆಯಲ್ಲಿ ಎಂದು ನಿಯಮ ಮಾಡಿದವರು ನೀವು. “ನಿಮ್ಮದೂ ಹಾಕಿ ಸಾರ್” ಎಂದು ತಂಡದ ನಾಯಕ ಅಂದದ್ದೇ ತಡ, ಆವೇಶದಲ್ಲಿ ನಿಮ್ಮದನ್ನೂ ಹಾಕಿ ಬೀಗ ಜಡಿದವರೂ ನೀವು. ಬೀಗದ ಕೈಯನ್ನು ಆ ನಾಯಕನಿಗೇ ಕೊಟ್ಟಿರಂತೆ! ಕ್ಲಬ್ಬಿನ ವ್ಯಾನಿನ ಡ್ರೈವರಣ್ಣ ಇದನ್ನು ಹೇಳಿ ಹೇಳಿ ನಕ್ಕರು. ಅವರು ಸಂಜೆ ಅಲ್ಲಿಗೆ ಹೊರಡುತ್ತಾರೆ. ನಿಮ್ಮ ಒಗೆದ ಬನಿಯನ್ನುಗಳ ನಡುವೆ ಈ ಕಾಗದ ಇಟ್ಟು ಕಳಿಸುತ್ತಿದ್ದೇನೆ. ಬನಿಯನ್ ಬದಲಾಯಿಸುವ ಅಭ್ಯಾಸ ಇನ್ನೂ ಇದ್ದರೆ ಕಾಗದ ನಿಮಗೆ ಸಿಗುತ್ತದೆ.

ಮಗಳು ಚೆನ್ನಾಗಿದ್ದಾಳೆ. ಇದು ಅವಳಿಗೆ ಐದನೇ ಶಾಲೆಯಾದರೂ ಹೊಸ ಗೆಳತಿಯರನ್ನು ಮಾಡಿಕೊಳ್ಳುವ ವೇಗದಲ್ಲಿ ಅಪ್ಪನಿಗೇ ತರಬೇತಿ ಕೊಡಬಲ್ಲಳು. ಮೊನ್ನೆ ‘ನಮ್ಮ ಊರು’ ಎಂದು ಪ್ರಬಂಧ ಬರೆಯಲು ಹೇಳಿದ್ದಕ್ಕೆ, “ಯಾವ ಸೀಸನ್ನಿಂದು ಮಿಸ್?” ಎಂದು ಕೇಳಿದಳಂತೆ. ಮಿಸ್ ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿ ಇದನ್ನು ತಮಾಷೆಯಾಗಿ ಹೇಳಿದರು. ನಾನೂ ನಕ್ಕೆ. ಮನೆಗೆ ಬರುವ ದಾರಿಯಲ್ಲಿ ನಾವಿದ್ದ ಊರುಗಳನ್ನು ಬೆರಳು ಮಡಚಿ ಎಣಿಸಿದೆ ರೀ.

ಪೇಪರು ನಿಮಗೆ ಅಲ್ಲಿ ಸಿಗುವುದಿಲ್ಲವಲ್ಲ, ಲೋಕವಾರ್ತೆಯನ್ನೂ ನಾನೇ ಹೇಳುತ್ತೇನೆ. ಈ ಸೀಸನ್ನಿನಲ್ಲಿ ಯಾವ ಕೋಚಿನ ತಲೆ ಮೊದಲು ಉರುಳುತ್ತದೆ ಎಂದು ಕ್ರೀಡಾಪುಟದವರು ಭವಿಷ್ಯ ನುಡಿದಿದ್ದಾರೆ. ಇನ್ನೂ ಒಂದು ಚೆಂಡನ್ನೂ ಯಾರೂ ಒದ್ದಿಲ್ಲ, ತಲೆಗಳು ಮಾತ್ರ ಸಾಲಾಗಿ ತಯಾರು. ನಿಮಗೆ ಎರಡನೇ ಸ್ಥಾನ ಬಂದಿದೆ, ಅಭಿನಂದನೆಗಳು. ಮೊದಲ ಸ್ಥಾನದವರ ಹೆಂಡತಿಗೆ ಸಮಾಧಾನ ಹೇಳೋಣವೆಂದು ಫೋನ್ ಮಾಡಿದೆ. ಎಷ್ಟು ಹೊತ್ತು ಮಾಡಿದರೂ ಎಂಗೇಜು. ಆಮೇಲೆ ಗೊತ್ತಾಯಿತು, ಆ ಪುಣ್ಯಾತ್ಗಿತ್ತಿ ನನಗೆ ಸಮಾಧಾನ ಹೇಳಲು ಅದೇ ಹೊತ್ತಿಗೆ ನನ್ನ ನಂಬರು ಒತ್ತುತ್ತಿದ್ದರು.

ಅದಾದ ಮೇಲೆ ಟಿ.ವಿ.ಯಲ್ಲಿ ನಿಮ್ಮ ಅಧ್ಯಕ್ಷರು ಕಾಣಿಸಿಕೊಂಡು, ಎದೆಯ ಮೇಲೆ ಕೈಯಿಟ್ಟು, “ಕೋಚ್ ಮೇಲೆ ನಮಗೆ ಸಂಪೂರ್ಣ ವಿಶ್ವಾಸ ಇದೆ” ಎಂದರು. ನಾನು ಟಿ.ವಿ. ಆರಿಸಿದೆ. ಬೇರೆ ಯಾವ ಕಸುಬಿನಲ್ಲಾದರೂ ಈ ಮಾತು ಕೇಳಿದರೆ ಸಿಹಿ ಹಂಚುತ್ತಾರೆ. ನಿಮ್ಮ ಕಸುಬಿನಲ್ಲಿ ಗಂಟುಮೂಟೆ ಕಟ್ಟುತ್ತಾರೆ. ನೆನಪಿದೆಯಾ, ಹೋದ ಊರಿಗೂ ಹಿಂದಿನ ಊರು? ಅಲ್ಲಿನ ಅಧ್ಯಕ್ಷರು ಇದೇ ಮಾತು ಅಂದ ಸಂಜೆಯೇ ನೀವು ತಟ್ಟೆಗಳನ್ನೆಲ್ಲ ಪೇಪರಿನಲ್ಲಿ ಸುತ್ತಲು ಕೂತಿರಿ. ಸುತ್ತಿದ ಪೇಪರಿನ ತುಂಬ ನಿಮ್ಮದೇ ಫೋಟೋ. ನೋಡಿದರೆ ಆ ಮಹಾನುಭಾವರು ನಿಜವಾಗಿಯೇ ವಿಶ್ವಾಸ ಇಟ್ಟಿದ್ದರು! ತಂಡ ಗೆಲ್ಲುತ್ತಲೇ ಹೋಯಿತು. ಬಿಚ್ಚಿದರೆ ಅಪಶಕುನ ಎಂದು ನೀವು ಪೆಟ್ಟಿಗೆ ಮುಟ್ಟಗೊಡಲಿಲ್ಲ. ಇಡೀ ಊರು ನಿಮ್ಮ ಹೆಸರಲ್ಲಿ ಹಾಡು ಕಟ್ಟಿ ಕುಣಿಯುತ್ತಿದ್ದಾಗ ನಾವು ಮೂವರು ಒಂದೇ ಬಾಣಲೆಯ ಸುತ್ತ ಕೂತು ಸರದಿಯ ಮೇಲೆ ಉಣ್ಣುತ್ತಿದ್ದೆವು. ಕೊನೆಗೆ ಧೈರ್ಯ ಮಾಡಿ ತಟ್ಟೆ ಬಿಚ್ಚಿದ ವಾರವೇ ನಿಮ್ಮನ್ನು ಮನೆಗೆ ಕಳಿಸಿದರು. ಇವತ್ತಿಗೂ ನೀವು ತಪ್ಪನ್ನು ತಟ್ಟೆಗಳ ಮೇಲೇ ಹೊರಿಸುತ್ತೀರಿ.

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎನ್ನುತ್ತಾರೆ. ಆದರೆ ವಾರಕ್ಕೊಂದು ದೊಣ್ಣೆ ಬೀಸುವವರ ಕೈಯಲ್ಲಿ ಎಷ್ಟು ಅಂತ ಬಗ್ಗುತ್ತೀರಿ? ಬಗ್ಗಿ ಬಗ್ಗಿಯೇ ಅಲ್ಲವೇ ಆ ಸೊಂಟನೋವು ಬಂದದ್ದು?

ಈಗ ನೀವು ಕುರ್ಚಿಯಲ್ಲೋ ಮಂಚದಲ್ಲೋ ಗಟ್ಟಿಯಾಗಿ ಕೂತುಕೊಳ್ಳಿ. ಹೊರಡುವ ದಿನ “ಅಂಗಡಿಯಿಂದ ನಾಲ್ಕು ರಟ್ಟಿನ ಪೆಟ್ಟಿಗೆ ತಂದಿಟ್ಟಿರು ಕಣೇ, ಎದುರಿಗಿದ್ದರೆ ಒಂದು ಧೈರ್ಯ” ಎಂದಿದ್ದಿರಿ. ತಂದೆ. ಒಂದು ದಿನ ಅವನ್ನು ನೋಡುತ್ತಾ ಕೂತೆ. ಮರುದಿನ ವಾಪಸ್ ಕೊಟ್ಟುಬಿಟ್ಟೆ. ಆಮೇಲೆ ಹಜಾರದ ಕಿಟಕಿಯ ಪರದೆಗೆ ಕತ್ತರಿ ಹಾಕಿದೆ. ಹೌದು ರೀ, ಆ ನೀಲಿ ಪರದೆಗೇ. ಮದುವೆಯಾದಾಗಿನಿಂದ ಪ್ರತಿ ಮನೆಯಲ್ಲೂ ಕಿಟಕಿಗೆ ತಕ್ಕ ಹಾಗೆ ಮಡಚಿ, ಪಿನ್ನು ಚುಚ್ಚಿ, ‘ಮುಂದಿನ ಮನೆಯ ಕಿಟಕಿ ಉದ್ದ ಇದ್ದರೆ?’ ಎಂದು ಕತ್ತರಿಸದೆ ಉಳಿಸಿಕೊಂಡು ಬಂದದ್ದು. ಪಿನ್ನು ಬಿಚ್ಚಿ, ಅಳೆದು, ಕರಕರ ಕತ್ತರಿಸಿ ಅಂಚು ಹೊಲಿದೆ. ಈಗ ಅದು ಈ ಕಿಟಕಿಗೆ ಬಿಟ್ಟು ಪ್ರಪಂಚದ ಇನ್ಯಾವ ಕಿಟಕಿಗೂ ಆಗುವುದಿಲ್ಲ. ಉಳಿದ ತುಂಡಿನಲ್ಲಿ ಮಗಳಿಗೆ ಒಂದು ಚೀಲವಾಯಿತು.

ನೀವು ಬೆಚ್ಚಿಬಿದ್ದಿರಿ ಎಂದು ಗೊತ್ತು. ಇನ್ನೂ ಇದೆ. ನಾನು ಕಲಿಸಲು ಹೋಗುವ ಡ್ರೈವಿಂಗ್ ಸ್ಕೂಲಿನ ಮಾಲೀಕಮ್ಮ ನನ್ನನ್ನು ಖಾಯಂ ಮಾಡಿದ್ದಾರೆ. ಮನೆಯ ಬಾಡಿಗೆ ಕರಾರನ್ನು ಇನ್ನು ಮೂರು ವರ್ಷಕ್ಕೆ ನನ್ನ ಹೆಸರಿಗೇ ಬರೆಸಿಕೊಂಡಿದ್ದೇನೆ. ಬಾಡಿಗೆ ನನ್ನ ಸಂಬಳದಲ್ಲಿ ಹೋಗುತ್ತದೆ. ನೋಡಿ, ಹೇಗೆ ನೋಡಿದರೂ ನಾನೂ ಒಬ್ಬಳು ಕೋಚೇ. ನನ್ನ ಶಿಷ್ಯರು ಕಂಬಕ್ಕೆ ಗುದ್ದಿದರೂ ಯಾರೂ ನನ್ನನ್ನು ತೆಗೆಯುವುದಿಲ್ಲ, ಕಂಬವನ್ನು ಬೈಯುತ್ತಾರೆ. ಜೊತೆಗೆ ನನ್ನ ಕಾಲ ಕೆಳಗೆ ನನ್ನದೇ ಒಂದು ಬ್ರೇಕ್ ಇದೆ. ಪಾಪ, ನಿಮಗೆ ಅದೂ ಇಲ್ಲ. ಗೆರೆಯಾಚೆ ನಿಂತು ಕೂಗಬಹುದು, ಅಷ್ಟೆ. ಆದರೆ ನನ್ನ ಕಸುಬಿನಿಂದ ನಿಮಗೊಂದು ಮಾತು ಹೇಳಬಲ್ಲೆ. ಹೊಸದಾಗಿ ಕಲಿಯುವವರು ಗೋಡೆಗೆ ಗುದ್ದಿಬಿಡ್ತೀನಿ ಎಂದು ಹೆದರಿ ಗೋಡೆಯನ್ನೇ ನೋಡುತ್ತಾರೆ. ಗೋಡೆಯನ್ನು ನೋಡಿದವರ ಕೈ ತಾನಾಗಿ ಗೋಡೆಯ ಕಡೆಗೇ ತಿರುಗುತ್ತದೆ. “ರಸ್ತೆ ನೋಡಿ, ರಸ್ತೆ!” ಎಂದು ದಿನವಿಡೀ ಅರಚುವುದೇ ನನ್ನ ಉದ್ಯೋಗ.

ನೀವು ಈ ಸಲ ಗೋಡೆ ನೋಡುತ್ತಿದ್ದೀರಿ. ಹೊರಡುವ ಮುಂಚೆ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಯನ್ನು ಗೋಲ್‌ಕೀಪರ್ ಮಾಡಿ, ಚಮಚಗಳನ್ನು ಸುತ್ತ ನಿಲ್ಲಿಸಿ, ಕಾರ್ನರ್ ಬಂದಾಗ ತಾತ ಹೇಗೆ ಮುನ್ನುಗ್ಗಿ ಚೆಂಡು ಹಿಡಿಯುತ್ತಾನೆ ಎಂದು ತೋರಿಸಿದಿರಿ. ಮೂವತ್ತಾರು ದಾಟಿದ್ದಕ್ಕೆ ಹುಡುಗರೆಲ್ಲ ತಾತ ಎನ್ನುವ ಆ ಗೋಲ್‌ಕೀಪರನ ಮಾತು ಬಂದರೆ ನಿಮ್ಮ ಮುಖ ಅರಳುತ್ತದೆ. ಆಮೇಲೆ ಉಪ್ಪಿನ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಅಧ್ಯಕ್ಷರು ಕೊಂಡು ತಂದ ಹೊಸ ಗೋಲ್‌ಕೀಪರ್, ಆ ಜಾಹೀರಾತಿನ ಸುಂದರಾಂಗ, ನಮ್ಮ ಮಗಳು ‘ಶಾಂಪೂ’ ಎನ್ನುವವನು, ಗೆರೆ ಬಿಟ್ಟು ಕದಲುವುದೇ ಇಲ್ಲ ಎಂದಿರಿ. ಅಷ್ಟೆಲ್ಲ ಹೇಳಿ ಕೊನೆಗೆ, ತಟ್ಟೆ ನೋಡುತ್ತಾ, “ಈ ಸಲ ಅಧ್ಯಕ್ಷರು ಹೇಳಿದ ಹಾಗೇ ಕೇಳಿಬಿಡ್ತೀನಿ ಕಣೇ. ಮಗಳ ಶಾಲೆ ಇದೆ” ಎಂದಿರಿ. ನಾನಾಗ ಉಪ್ಪಿನ ಡಬ್ಬಿ ಎತ್ತಿಟ್ಟೆ.

ಈಗ ಹೇಳುತ್ತೇನೆ. ಮಗಳ ಶಾಲೆ ಇಲ್ಲೇ ಇರುತ್ತದೆ. ಮಗಳೂ ಇಲ್ಲೇ ಇರುತ್ತಾಳೆ, ನಾನೂ, ಪರದೆಯೂ. ನೀವು ಗೆದ್ದರೂ ಇದೇ ಮನೆ, ಸೋತರೂ ಇದೇ ಮನೆ. ಅವರು ತೆಗೆದರೆ ಬೇರೆ ಊರಿನ ತಂಡ ಹುಡುಕಿಕೊಳ್ಳಿ, ರಜಕ್ಕೆ ಮನೆಗೆ ಬನ್ನಿ. ಹಾಗಾಗಿ ಭಾನುವಾರದ ಪಂದ್ಯದ ಲೆಕ್ಕಾಚಾರದಿಂದ ನಮ್ಮಿಬ್ಬರನ್ನು ದಯವಿಟ್ಟು ಕೈಬಿಡಿ. ನಿಮಗೆ ಉಳಿಯುವುದು ಹನ್ನೊಂದು ಜನ, ಒಂದು ಚೆಂಡು. ಅಷ್ಟು ನಿಮ್ಮ ಕೈಯಲ್ಲಾಗುತ್ತದೆ. ನಿಮ್ಮ ಮೇಲೆ ನನಗೆ ಸಂಪೂರ್ಣ ವಿಶ್ವಾಸ ಇದೆ ಎಂದು ಮಾತ್ರ ಬರೆಯುವುದಿಲ್ಲ. ಓದಿದ ಕೂಡಲೇ ತಟ್ಟೆ ಸುತ್ತಲು ಕೂತುಬಿಡುತ್ತೀರಿ.

ಮಗಳು ಎರಡು ಮುತ್ತು ಕಳಿಸಿದ್ದಾಳೆ, ಒಂದು ನಿಮಗೆ, ಒಂದು ತಾತನ ಕೈಗವಸಿಗೆ. ಡ್ರೈವರಣ್ಣನಿಗೆ ಊಟ ಹಾಕಿ ಕಳಿಸಿ. ಬಿಸಿನೀರಿನ ಚೀಲ ಹೊರಗೆ ತೆಗೆಯಿರಿ. ನಕ್ಕರೆ ನಗಲಿ.

ಮನೆಯ ಖಾಯಂ ಕೋಚ್,
ನಿಮ್ಮವಳು

ಮರೆತಿದ್ದೆ: ವ್ಯಾನು ಹಾರ್ನ್ ಹೊಡೆಯುತ್ತಿದೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಫೋನ್ ಹತ್ತಲಿಲ್ಲವೆಂದು ಅಧ್ಯಕ್ಷರು ಬೆಳಿಗ್ಗೆ ನನಗೇ ಫೋನ್ ಮಾಡಿದ್ದರು. “ಭಾನುವಾರ ನಾವು ತಂದ ಹುಡುಗನ್ನೇ ಗೋಲಿಗೆ ನಿಲ್ಲಿಸ್ಲಿ ಅಂತ ನೀವೇ ಸ್ವಲ್ಪ ಹೇಳಮ್ಮಾ. ಇಲ್ಲದಿದ್ರೆ ನಾವು ಬೇರೆ ಯೋಚನೆ ಮಾಡಬೇಕಾಗುತ್ತೆ” ಎಂದರು. “ಖಂಡಿತ ಹೇಳ್ತೀನಿ ಸಾರ್” ಎಂದೆ. ಕೊಟ್ಟ ಮಾತಿನಂತೆ ಹೇಳಿದ್ದೇನೆ. ಇನ್ನು ನನ್ನ ಮಾತು: ತಾತನನ್ನು ನಿಲ್ಲಿಸಿ.